ಬಂದಿದ್ದು 2 ಕೋಟಿ, ಕಟ್ಟೋಕೆ 70 ಲಕ್ಷ: ಒಂದು ಸರ್ಕಾರಿ ಕಾಲೇಜಿನ ಪ್ರಕರಣ

ಹೋದ ತಿಂಗಳು ಪಕ್ಕದ ಜಿಲ್ಲೆಯ ಪ್ರಾಂಶುಪಾಲರೊಬ್ಬರು ಫೋನ್ ಮಾಡಿದ್ದರು. ಅವರ ಕಾಲೇಜಿಗೆ ಪಿಎಂ-ಉಷಾ ಯೋಜನೆಯಲ್ಲಿ (ಹಳೆಯ ರೂಸಾ ಯೋಜನೆಯ ಈಗಿನ ರೂಪ) 5 ಕೋಟಿ ರೂಪಾಯಿ ಮಂಜೂರಾಗಿದೆ. ಖುಷಿಯಲ್ಲಿದ್ದರು. ಕೇಳಿದ್ದು ಒಂದೇ ಪ್ರಶ್ನೆ: “ಪೂರ್ತಿ ಬಿಲ್ಡಿಂಗಿಗೇ ಹಾಕಬಹುದಲ್ವಾ?”

ನನಗೆ ನಗು ಬಂತು. ಕೆಲವು ವರ್ಷಗಳ ಹಿಂದೆ ನಾವೂ ಇದನ್ನೇ ಕೇಳಿದ್ದೆವು. ಉತ್ತರ ಪೂರ್ತಿ ಅರ್ಥವಾಗೋದಕ್ಕೆ ಎರಡು ವರ್ಷ ಹಿಡಿಯಿತು, ಒಂದು ಆಡಿಟ್ ಆಕ್ಷೇಪಣೆಯೂ ಗಂಟುಬಿತ್ತು. ಫೋನಿನಲ್ಲಿ ಹೇಳಿ ಮುಗಿಸುವ ಕಥೆ ಅಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಊರಿನ ಹೆಸರು, ಜನರ ಹೆಸರು ಬಿಟ್ಟಿದ್ದೇನೆ. ನಮ್ಮ ಕಾಲೇಜಿನ ಅಂಕಿಗಳನ್ನೂ ಗುರುತು ಸಿಗದಷ್ಟು ಬದಲಿಸಿದ್ದೇನೆ. ಕಾನೂನಿನ ಅಂಕಿಗಳು ಮಾತ್ರ ಇದ್ದ ಹಾಗೇ ಇವೆ.

ಸೋರುವ ಎರಡು ಕೋಣೆ

ತಾಲ್ಲೂಕು ಕೇಂದ್ರದಿಂದ ಮೂರು ಕಿಲೋಮೀಟರ್ ದೂರದಲ್ಲಿ, ಒಂದು ಹಳ್ಳಿಯ ಅಂಚಿನಲ್ಲಿದ್ದ ಸರ್ಕಾರಿ ಪ್ರಥಮ ದರ್ಜೆ ಕಾಲೇಜು ನಮ್ಮದು. 640 ವಿದ್ಯಾರ್ಥಿಗಳು, 9 ಕೋಣೆಗಳು. ಅದರಲ್ಲಿ ಎರಡಕ್ಕೆ ಸಿಮೆಂಟ್ ಶೀಟಿನ ಮಾಡು. ಜುಲೈನಲ್ಲಿ ಮಳೆ ಜೋರಾದರೆ ಪಾಠ ನಿಲ್ಲಿಸಲೇಬೇಕು. ನಮ್ಮ ಮಾತು ಮುಂದಿನ ಬೆಂಚಿಗೂ ಕೇಳಿಸುತ್ತಿರಲಿಲ್ಲ. ಹಿಂದಿನ ಬೆಂಚಿನ ಹುಡುಗರು ಕೊಡೆ ಬಿಡಿಸಿಕೊಂಡು ಕೂತಿದ್ದನ್ನು ನಾನೇ ನೋಡಿದ್ದೇನೆ. ಅವರಲ್ಲಿ ಒಬ್ಬ ಕೊಡೆ ಹಿಡಿದುಕೊಂಡೇ ನೋಟ್ಸ್ ಬರೆಯುತ್ತಿದ್ದ.

ರೂಸಾ, ಅಂದರೆ ರಾಷ್ಟ್ರೀಯ ಉಚ್ಚತರ ಶಿಕ್ಷಾ ಅಭಿಯಾನ, 2013ರಲ್ಲಿ ಶುರುವಾದ ಕೇಂದ್ರ ಯೋಜನೆ. ಅದರಲ್ಲಿ ಕಾಲೇಜುಗಳ ಮೂಲಸೌಕರ್ಯಕ್ಕೆ 2 ಕೋಟಿ ಕೊಡುತ್ತಿದ್ದರು. ಕೇಂದ್ರದ ಪಾಲು 60, ರಾಜ್ಯದ ಪಾಲು 40. ನಮ್ಮ ಕಾಲೇಜಿನ ಹೆಸರು ಪಟ್ಟಿಯಲ್ಲಿ ಬಂದಾಗ ಸ್ಟಾಫ್ ರೂಮಿನಲ್ಲಿ ಸಿಹಿ ಹಂಚಿದೆವು. ಪ್ರಾಂಶುಪಾಲರು ನನ್ನನ್ನು ರೂಸಾ ಸಂಯೋಜಕ ಅಂತ ಮಾಡಿದರು. ನಾನು ಇತಿಹಾಸದ ಮೇಷ್ಟ್ರು. ಎಸ್ಟಿಮೇಟ್ ಅಂದರೆ ಏನು ಅಂತ ಆಗ ಸರಿಯಾಗಿ ಗೊತ್ತಿರಲಿಲ್ಲ.

ಮಂಜೂರಾತಿ ಆದೇಶದ ಮೊದಲ ಪುಟದಲ್ಲಿ 2 ಕೋಟಿ ಅಂತ ಇತ್ತು. ನಾವೆಲ್ಲ ಓದಿದ್ದು ಅದೊಂದೇ ಪುಟ. ಹಿಂದೆ ಪಿನ್ ಮಾಡಿದ್ದ ಅನುಬಂಧದಲ್ಲಿ ಒಂದು ಪುಟ್ಟ ಕೋಷ್ಟಕ ಇತ್ತು: ಹೊಸ ನಿರ್ಮಾಣಕ್ಕೆ 35 ಭಾಗ, ಇರುವ ಕಟ್ಟಡದ ನವೀಕರಣಕ್ಕೆ 35, ಉಪಕರಣಗಳಿಗೆ 30. ಲೆಕ್ಕ ಹಾಕಿದರೆ 70 ಲಕ್ಷ, 70 ಲಕ್ಷ, 60 ಲಕ್ಷ.

ಸಮಿತಿ ಸಭೆ

ಸರ್ಕಾರಿ ಕಾಲೇಜುಗಳಲ್ಲಿ ಕಾಲೇಜು ಅಭಿವೃದ್ಧಿ ಸಮಿತಿಗೆ ಕ್ಷೇತ್ರದ ಶಾಸಕರೇ ಅಧ್ಯಕ್ಷರು. ನಮ್ಮ ಶಾಸಕರಿಗೆ ಕಾಲೇಜಿನ ಮೇಲೆ ನಿಜವಾದ ಪ್ರೀತಿ ಇತ್ತು. ಸಭೆಗೆ ಬರುವಾಗಲೇ ನಕ್ಷೆಯೊಂದನ್ನು ಸುರುಳಿ ಸುತ್ತಿಕೊಂಡು ತಂದಿದ್ದರು. ಎರಡು ಅಂತಸ್ತು, ಆರು ಕೋಣೆ, ಮುಂದೆ ಕಂಬಗಳಿರುವ ದೊಡ್ಡ ಪೋರ್ಟಿಕೋ. ಲೋಕೋಪಯೋಗಿ ಇಲಾಖೆಯ ಎಇಇ (ಸಹಾಯಕ ಕಾರ್ಯನಿರ್ವಾಹಕ ಎಂಜಿನಿಯರ್) ಅವರ ಅಂದಾಜು 1 ಕೋಟಿ 36 ಲಕ್ಷ.

“ಎಪ್ಪತ್ತು ಎಪ್ಪತ್ತು ಸೇರಿದ್ರೆ ಒಂದು ನಲವತ್ತು ಆಯ್ತಲ್ರೀ ಪ್ರಿನ್ಸಿಪಾಲ್ರೇ. ಇನ್ನೇನು ತೊಂದರೆ?” ಅಂದರು ಶಾಸಕರು.

ಪ್ರಾಂಶುಪಾಲರು ನನ್ನ ಮುಖ ನೋಡಿದರು, ನಾನು ಕಿಟಕಿ ನೋಡಿದೆ. ಸದಸ್ಯರೊಬ್ಬರು ದಾರಿ ತೋರಿಸಿದರು: ಶೀಟಿನ ಕೋಣೆಗಳನ್ನು ಕೆಡವಿ, ಆ ಜಾಗದಲ್ಲೇ ಹೊಸದು ಕಟ್ಟಿ, ಕಾಗದದಲ್ಲಿ ‘ನವೀಕರಣ’ ಅಂತ ಬರೆದರಾಯಿತು. ಎಲ್ಲರಿಗೂ ಹಿಡಿಸಿತು. ನಡಾವಳಿ ಬರೆಯುತ್ತಿದ್ದವನು ನಾನು. ಪೆನ್ನು ಆಗಲೇ ಓಡುತ್ತಿತ್ತು.

ಆಗ ಕಚೇರಿ ಅಧೀಕ್ಷಕಿ ಮೇಡಂ ಮಾತಾಡಿದರು. ನಿವೃತ್ತಿಗೆ ಒಂದೂವರೆ ವರ್ಷ ಬಾಕಿ ಇದ್ದವರು, ಸಭೆಗಳಲ್ಲಿ ಬಾಯಿ ಬಿಟ್ಟವರೇ ಅಲ್ಲ. “ಸರ್, ಒಂದು ಮಾತು. ಕೆಡವಿ ಕಟ್ಟಿದ್ರೆ ಪ್ಲಿಂತ್ ಏರಿಯಾ, ಅಂದ್ರೆ ಕಟ್ಟಡದ ವಿಸ್ತೀರ್ಣ, ಜಾಸ್ತಿ ಆಗುತ್ತಾ?”

“ಆಗುತ್ತೆ ಮೇಡಂ, ಎರಡು ಕೋಣೆ ಇದ್ದಲ್ಲಿ ಆರು ಬರುತ್ತಲ್ಲ” ಅಂದರು ಎಇಇ.

“ಹಾಗಾದ್ರೆ ಅದು ಹೊಸ ಕಟ್ಟಡ ಸರ್. ಯುಸಿಗೆ, ಅಂದ್ರೆ ಹಣ ಬಳಕೆ ಪ್ರಮಾಣಪತ್ರಕ್ಕೆ, ಸಹಿ ಹಾಕೋರು ಪ್ರಾಂಶುಪಾಲರು. ನಾಳೆ ವಸೂಲಿ ಬಂದ್ರೆ ಅವರ ಪಿಂಚಣಿಯಿಂದ ಹೋಗುತ್ತೆ.”

ಸಭೆ ತಣ್ಣಗಾಯಿತು. ಶಾಸಕರಿಗೆ ಸಿಟ್ಟು ಬಂದಿದ್ದು ಮುಖದಲ್ಲೇ ಕಾಣುತ್ತಿತ್ತು. ಆದರೆ ಅವರು ಹಳೆಯ ಹುಲಿ. ಕಾಫಿ ಕಪ್ ಕೆಳಗಿಟ್ಟು, “ಸರಿ, ಬರೆದು ಕೇಳಿ. ಬಾಯಿಮಾತು ಬೇಡ” ಅಂದರು. ಹಿಂತಿರುಗಿ ನೋಡಿದರೆ ಇಡೀ ಪ್ರಕರಣದ ಮೊದಲ ತಿರುವು ಅದೇ. ಮೇಡಂ ಬೇಡ ಅಂದಿದ್ದು ಎಷ್ಟು ಮುಖ್ಯವೋ, ಅಧ್ಯಕ್ಷರು ಅದನ್ನು ಬರೆದು ಕೇಳಲು ಬಿಟ್ಟಿದ್ದೂ ಅಷ್ಟೇ ಮುಖ್ಯ. ನಾನು ಬರೆದಿದ್ದ ಆ ಸಾಲನ್ನು ನಡಾವಳಿಯಲ್ಲಿ ಅಡ್ಡಗೆರೆ ಹಾಕಿ ಹೊಡೆದೆ. ಮೇಡಂ ಪಕ್ಕದಲ್ಲಿ ಎಲ್ಲರ ಕಿರುಸಹಿ ಹಾಕಿಸಿದರು.

ಪತ್ರ, ಅದಕ್ಕೆ ಬಂದ ಉತ್ತರ

ಮೇಲಿನವರಿಗೆ ಕಳಿಸುವ ಪತ್ರದ ಕರಡನ್ನು ನಾನು ಎರಡು ಪುಟ ಬರೆದಿದ್ದೆ. ನಮ್ಮ ಕಷ್ಟ, ಮಕ್ಕಳ ಕಷ್ಟ, ಮಳೆ, ಕೊಡೆ ಎಲ್ಲ ಇತ್ತು. ಮೇಡಂ ಅದನ್ನು ಮೂರು ಪ್ರಶ್ನೆಗೆ ಇಳಿಸಿದರು. ಒಂದು, ನವೀಕರಣದ ಹಣವನ್ನು ಹೊಸ ನಿರ್ಮಾಣಕ್ಕೆ ವರ್ಗಾಯಿಸಬಹುದೇ? ಎರಡು, ಶೀಟು ತೆಗೆದು ಅದೇ ಗೋಡೆಯ ಮೇಲೆ ಆರ್‌ಸಿಸಿ ಹಾಕಿದರೆ ಅದು ನವೀಕರಣವೇ? ಮೂರು, 70 ಲಕ್ಷದಲ್ಲಿ ಮುಂದಿನ ಅಂತಸ್ತಿಗೂ ಆಗುವಂಥ ತಳಪಾಯ ಹಾಕಬಹುದೇ?

ಎರಡೂವರೆ ತಿಂಗಳ ಮೇಲೆ ಉತ್ತರ ಬಂತು. ಮೊದಲನೆಯದಕ್ಕೆ ಇಲ್ಲ. ಎರಡನೆಯದಕ್ಕೆ ಹೌದು, ಪ್ಲಿಂತ್ ಏರಿಯಾ ಬದಲಾಗದಿದ್ದರೆ. ಮೂರನೆಯದಕ್ಕೂ ಹೌದು, ತಾಂತ್ರಿಕ ಮಂಜೂರಾತಿ ಇದ್ದು ಅಂದಾಜು 70 ಲಕ್ಷ ದಾಟದಿದ್ದರೆ.

ಈ ಎರಡನೇ ಉತ್ತರದ ಬೆಲೆ ನಮಗೆ ಮೊದಲು ಗೊತ್ತಾಗಲಿಲ್ಲ. ನಾವು ‘ಇಲ್ಲ’ ಅನ್ನುವುದನ್ನೇ ನೋಡಿ ಬೇಜಾರು ಮಾಡಿಕೊಂಡಿದ್ದೆವು. ಎಇಇ ಕೂತು ವಿವರಿಸಿದ ಮೇಲೆ ಕಣ್ಣು ತೆರೆಯಿತು. ಸೋರುವ ಎರಡು ಕೋಣೆಗೆ ಗಟ್ಟಿ ಛಾವಣಿ ನವೀಕರಣದ ದುಡ್ಡಿನಲ್ಲೇ ಬರುತ್ತೆ. ಅಂದರೆ ಹೊಸ ನಿರ್ಮಾಣದ 70 ಲಕ್ಷ ಪೂರ್ತಿ ಹೊಸ ಕೋಣೆಗೆ ಉಳಿಯುತ್ತೆ. ಮೊದಲ ಯೋಜನೆಯಲ್ಲಿ ಆ ಎರಡು ಕೋಣೆ ಕಳೆದುಕೊಂಡು ಆರು ಪಡೆಯುತ್ತಿದ್ದೆವು, ನಿವ್ವಳ ನಾಲ್ಕು. ಈಗ ಅವು ಉಳಿದು ಮೂರೋ ನಾಲ್ಕೋ ಸೇರುತ್ತವೆ. ಇಷ್ಟಕ್ಕೇನಾ ಅಷ್ಟು ಜಗಳ ಆಡಿದ್ದು ಅನ್ನಿಸಿತು.

ಮೂರಾ ನಾಲ್ಕಾ ಅನ್ನುವುದೇ ಮುಂದಿನ ಪ್ರಶ್ನೆ. ಮೇಲಂತಸ್ತಿನ ಭಾರ ಹೊರದ ತಳಪಾಯ ಹಾಕಿದರೆ ನಾಲ್ಕು ಕೋಣೆ. ಹೊರುವ ತಳಪಾಯ, ಕಂಬ ಹಾಕಿದರೆ ಮೂರೇ. ಪೋರ್ಟಿಕೋ ಎರಡರಲ್ಲೂ ಇಲ್ಲ. ಸ್ಟಾಫ್ ಮೀಟಿಂಗಿನಲ್ಲಿ ಕೈ ಎತ್ತಿಸಿದಾಗ ಹೆಚ್ಚಿನವರು ನಾಲ್ಕು ಅಂದರು. ನಾನೂ ನಾಲ್ಕಕ್ಕೇ ಕೈ ಎತ್ತಿದೆ. ಪ್ರಾಂಶುಪಾಲರು ಮೂರನ್ನು ಆರಿಸಿದರು. “ಈಗ ಒಂದು ಕೋಣೆ ಬಿಟ್ಟರೆ ಮುಂದೆ ಮೂರು ಬರುತ್ತೆ. ಆಗ ನಾನಿರಲ್ಲ, ನೀವು ಇರ್ತೀರಿ” ಅಂದರು. ಆ ಹೊತ್ತಿಗೆ ಅದು ಯಾರಿಗೂ ಇಷ್ಟವಾಗಲಿಲ್ಲ.

ದನ ಎಣಿಸಿದ್ದು

ಕಟ್ಟಡದ ಹಣಕ್ಕಿಂತ ಜಾಗದ ಕಾಗದವೇ ನಮ್ಮನ್ನು ಜಾಸ್ತಿ ಕಾಡಿತು. ಸಾರ್ವಜನಿಕ ಹಣದಲ್ಲಿ ಕಟ್ಟುವಾಗ ಜಾಗ ಸಂಸ್ಥೆಯ ಹೆಸರಿನಲ್ಲಿ ತಕರಾರಿಲ್ಲದೆ ಇರಬೇಕು. ನಮ್ಮದು ಇದೆ ಅಂತಲೇ ಅಂದುಕೊಂಡಿದ್ದೆವು, ಕಾಲೇಜು ಅಲ್ಲೇ ಹದಿನೈದು ವರ್ಷದಿಂದ ನಿಂತಿದೆಯಲ್ಲ! ಪಹಣಿ ತೆಗೆಸಿದರೆ ಮಾಲೀಕರ ಹೆಸರಿರುವ 9ನೇ ಕಾಲಂನಲ್ಲಿ ‘ಸರ್ಕಾರಿ ಗೋಮಾಳ’. ಕಾಲೇಜಿನ ಹೆಸರು ಎಲ್ಲೂ ಇಲ್ಲ.

ಗೋಮಾಳವನ್ನು ಬೇರೆ ಉದ್ದೇಶಕ್ಕೆ ಕಾಯ್ದಿರಿಸಬೇಕಾದರೆ ಅದು ಜಿಲ್ಲಾಧಿಕಾರಿಗಳ ಆದೇಶದಿಂದ ಆಗಬೇಕು, ಭೂ ಕಂದಾಯ ಕಾಯ್ದೆಯ 71ನೇ ಕಲಂ ಪ್ರಕಾರ. ಅದಕ್ಕೂ ಮುಂಚೆ ಕರ್ನಾಟಕ ಭೂ ಕಂದಾಯ ನಿಯಮಗಳು, 1966ರ 97ನೇ ನಿಯಮ ನೋಡಬೇಕು. ಪ್ರತಿ 100 ಜಾನುವಾರಿಗೆ 12 ಹೆಕ್ಟೇರ್ ಗೋಮಾಳ ಉಳಿದಿರಬೇಕು. ಹೆಚ್ಚುವರಿ ಇದ್ದರೆ ಮಾತ್ರ ಕೇಳಬಹುದು. ಸುಪ್ರೀಂ ಕೋರ್ಟ್ 2011ರಲ್ಲಿ ಜಗಪಾಲ್ ಸಿಂಗ್ ಪ್ರಕರಣದಲ್ಲಿ ಹಳ್ಳಿಯ ಸಾಮೂಹಿಕ ಜಾಗಗಳ ಬಗ್ಗೆ ಖಡಕ್ಕಾಗಿ ಹೇಳಿದ ಮೇಲೆ ಕಂದಾಯ ಇಲಾಖೆಯವರು ಈ ವಿಷಯದಲ್ಲಿ ಇನ್ನೂ ಹುಷಾರಾಗಿದ್ದರು.

ಹೀಗಾಗಿ ಕಾಲೇಜು ಕಟ್ಟೋಕೆ ದನ ಎಣಿಸುವ ಕೆಲಸ ಬಂತು. ಪಶು ಆಸ್ಪತ್ರೆಯಿಂದ ಲೆಕ್ಕ ತರಿಸಿದೆವು: ಹಳ್ಳಿಯಲ್ಲಿ 310 ಜಾನುವಾರು. ಬೇಕಾದ ಗೋಮಾಳ 37.2 ಹೆಕ್ಟೇರ್, ದಾಖಲೆಯಲ್ಲಿ ಇದ್ದದ್ದು 41. ಉಳಿಯಿತು 3.8 ಹೆಕ್ಟೇರ್, ಅಂದರೆ ಒಂಬತ್ತು ಎಕರೆ ಮೇಲೆ ಸ್ವಲ್ಪ. ನಾವು ಕೇಳಿದ್ದು 4 ಎಕರೆ. ಹಳ್ಳಿಯ ಹಿರಿಯರೊಬ್ಬರು ನನ್ನನ್ನು ನಿಲ್ಲಿಸಿ, “ಏನ್ ಮೇಷ್ಟ್ರೇ, ನಮ್ಮ ಎಮ್ಮೆ ಈದ್ರೆ ನಿಮ್ಮ ಬಿಲ್ಡಿಂಗ್ ನಿಲ್ತದಾ?” ಅಂತ ಕೇಳಿದರು. ತಮಾಷೆ ಮಾಡಿದ್ದೇ, ಆದರೆ ಲೆಕ್ಕದಲ್ಲಿ ಅವರು ತಪ್ಪಿರಲಿಲ್ಲ.

ತಹಶೀಲ್ದಾರರ ವರದಿ, ಸರ್ವೆ, ಜಿಲ್ಲಾಧಿಕಾರಿಗಳ ಆದೇಶ, ಪಹಣಿಯಲ್ಲಿ ಹೆಸರು ಬರೋದು. ಎಲ್ಲ ಸೇರಿ ಏಳು ತಿಂಗಳು. ಈ ನಡುವೆ ಸಮಿತಿಯವರು ಎರಡು ಸಲ ‘ಗುದ್ದಲಿ ಪೂಜೆ ಮಾಡಿಬಿಡೋಣ, ಕಾಗದ ಆಮೇಲೆ ಬರುತ್ತೆ’ ಅಂದರು. ಹಿಂದಿನ ಕಟ್ಟಡ ಹಾಗೇ ಎದ್ದಿದ್ದು, ಅದಕ್ಕೇ ಈ ಗತಿ ಅಂತ ಪ್ರಾಂಶುಪಾಲರು ಎರಡು ಸಲವೂ ತಡೆದರು.

ಆ ಏಳು ತಿಂಗಳಲ್ಲಿ ಇನ್ನೊಂದು ಸಲಹೆಯೂ ಬಂತು. ನಮ್ಮಲ್ಲಿ ಪರಿಶಿಷ್ಟ ಜಾತಿಯ ವಿದ್ಯಾರ್ಥಿಗಳು ಜಾಸ್ತಿ. ಹಾಗಾಗಿ ಪರಿಶಿಷ್ಟ ಜಾತಿ ಉಪಯೋಜನೆಯ ಹಣದಿಂದ, ಅಂದರೆ ಅವರಿಗಾಗಿಯೇ ಮೀಸಲಿಟ್ಟ ಹಣದಿಂದ, ಉಳಿದ ಕೋಣೆ ಕಟ್ಟಿಸೋಣ ಅಂತ. ಆ ಉಪಯೋಜನೆಯ 2013ರ ಕಾಯ್ದೆಯಲ್ಲಿ 7(ಡಿ) ಕಲಂ ಆಗ ಇನ್ನೂ ಇತ್ತು. ಎಲ್ಲರಿಗೂ ಬಳಕೆಯಾಗುವ ಮೂಲಸೌಕರ್ಯದ ಖರ್ಚಿನಲ್ಲಿ ಒಂದು ಪಾಲನ್ನು ಉಪಯೋಜನೆಯ ಖರ್ಚು ಅಂತ ತೋರಿಸಲು ಅದು ದಾರಿ ಕೊಡುತ್ತಿತ್ತು. ಕಾಗದದ ಮೇಲೆ ಸರಿ ಇತ್ತು. ಆದರೆ ಅಂತಿಮ ವರ್ಷದ ಹುಡುಗಿಯೊಬ್ಬಳು ಪ್ರಾಂಶುಪಾಲರ ಮುಂದೆ ನಿಂತು, “ಸರ್, ನಮ್ಮ ಹಾಸ್ಟೆಲ್‌ನಲ್ಲಿ ಒಂದು ಕೋಣೆಗೆ ಎಂಟು ಜನ ಇದೀವಿ. ಆ ದುಡ್ಡು ಮೊದಲು ಅಲ್ಲಿಗೆ ಬರಬೇಕಲ್ವಾ?” ಅಂದಳು. ಪ್ರಸ್ತಾವನೆ ಅಲ್ಲಿಗೇ ನಿಂತಿತು. ಆ 7(ಡಿ) ಕಲಮನ್ನೇ 2023ರಲ್ಲಿ ತೆಗೆದುಹಾಕಿದರು.

ಹದಿನಾಲ್ಕು ತುಂಡು

ಜಾಗ ಸರಿಯಾಯಿತು. ಈಗ ಗುತ್ತಿಗೆ. ನವೀಕರಣದ 70 ಲಕ್ಷವನ್ನು 5 ಲಕ್ಷದೊಳಗಿನ ಹದಿನಾಲ್ಕು ತುಂಡು ಗುತ್ತಿಗೆ ಮಾಡಿದರೆ ಟೆಂಡರ್ ಬೇಡ, ಊರ ಹುಡುಗರಿಗೂ ಕೆಲಸ ಸಿಗುತ್ತೆ ಅಂತ ಒತ್ತಡ ಬಂತು. ಕೇಳೋಕೆ ಒಳ್ಳೆಯದಾಗಿಯೇ ಇತ್ತು. ಆದರೆ ಕರ್ನಾಟಕ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಕಾಯ್ದೆ, 1999 ಇರೋದೇ ಇಂಥದ್ದನ್ನು ತಡೆಯಲು. ಒಂದೇ ಕಟ್ಟಡದ ಛಾವಣಿ, ಗಾರೆ, ಬಣ್ಣವನ್ನು ಹದಿನಾಲ್ಕು ಬೇರೆ ಬೇರೆ ಕಾಮಗಾರಿ ಅಂತ ಯಾರೂ ಒಪ್ಪಲ್ಲ. ಎಇಇ ಅದಕ್ಕೆ ಸಹಿ ಹಾಕಲ್ಲ ಅಂದರು. ಇ-ಟೆಂಡರ್ ಕರೆದರು. ಅಂದಾಜಿಗಿಂತ ಕಡಿಮೆಗೇ ಬಿಡ್ ಬಂತು. ಕೆಲಸ ಹಿಡಿದವರು ಪಕ್ಕದ ತಾಲ್ಲೂಕಿನವರು. ಗಾರೆ ಕೆಲಸಕ್ಕೆ ಬಂದವರು ಮಾತ್ರ ನಮ್ಮ ಊರ ಹುಡುಗರೇ.

ಗುದ್ದಲಿ ಪೂಜೆ ಕೊನೆಗೂ ಆಯಿತು. ಶಾಮಿಯಾನ, ಹಾರ, ಊಟ ಸೇರಿ 22 ಸಾವಿರದ ಬಿಲ್ಲು ಮೇಡಂ ಮೇಜಿಗೆ ಬಂತು. ಅವರು ಅದರ ಮೇಲೆ ಪೆನ್ಸಿಲ್‌ನಲ್ಲಿ ‘ಯಾವ ಬಾಬ್ತು?’ ಅಂತಷ್ಟೇ ಬರೆದು ವಾಪಸ್ ಕಳಿಸಿದರು. ಮೂರು ದಿನ ಆ ಬಿಲ್ಲು ಮೇಜಿಂದ ಮೇಜಿಗೆ ಓಡಾಡಿತು. ಆಮೇಲೆ ಶಾಸಕರೇ ಜೇಬಿನಿಂದ ಕೊಟ್ಟರಂತೆ.

ನನ್ನ ತಪ್ಪು

ಇಲ್ಲಿಯವರೆಗೆ ಓದಿದರೆ ನಾವೆಲ್ಲ ಭಾರಿ ಶಿಸ್ತಿನವರು ಅನ್ನಿಸಬಹುದು. ಎಡವಿದ್ದು ಬೇರೆ ಕಡೆ.

ಮೊದಲ ಕಂತು 1 ಕೋಟಿ. ಜಾಗದ ಕಾಗದಕ್ಕೆ ಕಾಯುತ್ತಿದ್ದಾಗ ಅದು ಉಳಿತಾಯ ಖಾತೆಯಲ್ಲಿ ಕೂತಿತ್ತು. ಬಡ್ಡಿ ಬರುತ್ತಾ ಹೋಯಿತು, ಒಟ್ಟು 3 ಲಕ್ಷ 86 ಸಾವಿರ. ಆ ಹೊತ್ತಿಗೆ ಮೇಡಂ ನಿವೃತ್ತರಾಗಿದ್ದರು. ಅವರ ಜಾಗಕ್ಕೆ ಯಾರೂ ಬಂದಿರಲಿಲ್ಲ. ಕಾಲೇಜಿಗೆ ಗೇಟಿರಲಿಲ್ಲ, ರಾತ್ರಿ ದನ ನುಗ್ಗಿ ಗಿಡ ಮೇಯುತ್ತಿದ್ದವು. ಅನುದಾನಕ್ಕೆ ತಾನೇ ಮಿತಿ ಇರೋದು, ಬಡ್ಡಿ ನಮ್ಮದೇ ಅಲ್ವಾ ಅಂತ ನಾನು ಟಿಪ್ಪಣಿ ಹಾಳೆಯಲ್ಲಿ ಬರೆದೆ. ಪ್ರಾಂಶುಪಾಲರು ನನ್ನನ್ನು ನಂಬಿ ಸಹಿ ಹಾಕಿದರು. 1 ಲಕ್ಷ 90 ಸಾವಿರದಲ್ಲಿ ಕಬ್ಬಿಣದ ಗೇಟು, ಎರಡು ಬದಿ ಇಪ್ಪತ್ತು ಇಪ್ಪತ್ತು ಅಡಿ ಕಾಂಪೌಂಡು ಎದ್ದಿತು.

ಎಜಿ (ಮಹಾಲೇಖಪಾಲರ ಕಚೇರಿ) ಆಡಿಟ್ ಬಂದಾಗ ತಂಡದ ಹಿರಿಯರು ಪಾಸ್ ಪುಸ್ತಕದ ಬಡ್ಡಿ ಸಾಲಿಗೆಲ್ಲ ಹಸಿರು ಪೆನ್ನಿನಲ್ಲಿ ಟಿಕ್ ಹಾಕುತ್ತಾ ಹೋದರು. ಒಂದು ಮಾತೂ ಆಡಲಿಲ್ಲ. ಸಂಜೆ ಹೊರಡುವಾಗ ಗೇಟಿನ ಹತ್ತಿರ ನಿಂತು, “ಗೇಟು ಚೆನ್ನಾಗಿದೆ ಸರ್. ಯಾವಾಗ ಹಾಕ್ಸಿದ್ರಿ?” ಅಂದರು. ನನಗೆ ಅಲ್ಲೇ ಅರ್ಥವಾಗಿಹೋಯಿತು.

ಕೇಂದ್ರದ ಸಾಮಾನ್ಯ ಹಣಕಾಸು ನಿಯಮಗಳು, 2017ರ 230(8)ನೇ ನಿಯಮ ಸ್ಪಷ್ಟವಾಗಿದೆ. ಅನುದಾನದ ಮೇಲೆ ಬಂದ ಬಡ್ಡಿಯನ್ನು ಲೆಕ್ಕ ಅಂತಿಮಗೊಂಡ ಕೂಡಲೇ ಭಾರತದ ಸಂಚಿತ ನಿಧಿಗೆ ಕಟ್ಟಬೇಕು. ಬಡ್ಡಿಗೂ ನಮಗೂ ಸಂಬಂಧವೇ ಇಲ್ಲ. ಪೂರ್ತಿ 3.86 ಲಕ್ಷ ಕಟ್ಟಿ ಅಂತ ಆಕ್ಷೇಪಣೆ ಬಂತು. ಖಾತೆಯಲ್ಲಿ ಬಡ್ಡಿಯಾಗಿ ಉಳಿದಿದ್ದು 1.96 ಲಕ್ಷ.

ಗೇಟಿನ ಹಣ ಎಲ್ಲಿಂದ ತರೋದು? ಪ್ರಾಂಶುಪಾಲರಿಗೆ ಮೊದಲು ಹೊಳೆದಿದ್ದು ಇಲಾಖೆಯಿಂದ ಬರುವ ನಿರ್ವಹಣೆ ಅನುದಾನ. ಮಾರ್ಚ್ ಹತ್ತಿರ ಬಂದಿತ್ತು, ಸ್ವಲ್ಪ ಉಳಿದಿತ್ತು. ನಿವೃತ್ತರಾಗಿದ್ದ ಮೇಡಂಗೇ ಫೋನ್ ಹಚ್ಚಿದೆವು. “ಅದು 2202 ಸರ್, ರಾಜಸ್ವ ಲೆಕ್ಕ. ಕಟ್ಟೋ ಬಾಬ್ತು 4202, ಬಂಡವಾಳ ಲೆಕ್ಕ. ವಿಧಾನಮಂಡಲ ಎರಡನ್ನೂ ಬೇರೆ ಬೇರೆ ಮಂಜೂರು ಮಾಡಿರೋದು. ಒಂದು ತಪ್ಪು ಮುಚ್ಚೋಕೆ ಇನ್ನೊಂದು ಮಾಡಬೇಡಿ” ಅಂದರು. ವಿದ್ಯಾರ್ಥಿಗಳಿಂದ ಸಂಗ್ರಹಿಸುವ ಅಭಿವೃದ್ಧಿ ಸಮಿತಿ ನಿಧಿ ಇತ್ತು. ಅದನ್ನು ಮುಟ್ಟಲು ಮನಸ್ಸು ಬರಲಿಲ್ಲ. ನನ್ನ ತಪ್ಪಿಗೆ ಮಕ್ಕಳು ಯಾಕೆ ತೆರಬೇಕು? ಕೊನೆಗೆ ಹಳೆಯ ವಿದ್ಯಾರ್ಥಿಗಳ ಸಂಘ ಗೇಟನ್ನು ತಮ್ಮ ಕೊಡುಗೆ ಎಂದು ಒಪ್ಪಿಕೊಂಡು 1 ಲಕ್ಷ 40 ಸಾವಿರ ಕೊಟ್ಟಿತು. ಉಳಿದ 50 ಸಾವಿರವನ್ನು ಪ್ರಾಂಶುಪಾಲರೂ ನಾನೂ ಹಂಚಿಕೊಂಡೆವು. ಹಣ ಕಟ್ಟಿದ ಚಲನ್ ಕಳಿಸಿದ ಮೇಲೆ ಆಕ್ಷೇಪಣೆ ಕೈಬಿಟ್ಟರು.

ದೊಡ್ಡ ಮೊತ್ತದ ವಿಷಯದಲ್ಲಿ ಮೂರು ಪ್ರಶ್ನೆ ಬರೆದು ಕೇಳಿದ್ದ ನಾವು, ಸಣ್ಣ ಮೊತ್ತ ಅಂತ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಯಾವ ಕಾಲೇಜಿನವರು ಕೇಳಿದರೂ ನಾನು ಮೊದಲು ಹೇಳೋದು ಈ ಗೇಟಿನ ಕಥೆಯನ್ನೇ. ಮೂಲ ಅನುದಾನದ ಮಿತಿಯ ಬಗ್ಗೆ ಎಲ್ಲರೂ ಹುಷಾರಾಗಿರುತ್ತಾರೆ. ಬಡ್ಡಿ, ಟೆಂಡರಿನಲ್ಲಿ ಉಳಿದ ಹಣ, ಕೆಡವಿದ ಕಟ್ಟಡದ ಹಳೇ ಕಬ್ಬಿಣ ಮಾರಿದ ದುಡ್ಡು, ಇವುಗಳ ಮೇಲೆ ಯಾರ ಕಣ್ಣೂ ಇರಲ್ಲ. ಎರಡನೆಯದು, ಗೊತ್ತಿರುವ ಒಬ್ಬರೇ ಇದ್ದು ಅವರು ನಿವೃತ್ತರಾದರೆ ಕಚೇರಿಗೆ ಮರೆವು ಬಂದುಬಿಡುತ್ತೆ. ಮೇಡಂ ಹೋಗುವ ಮುಂಚೆ ನಾವು ಅವರಿಂದ ಒಂದು ಪುಟ ಬರೆಸಿಕೊಂಡಿದ್ದರೂ ಸಾಕಿತ್ತು.

ಈಗ ಅಲ್ಲಿ

ಮೂರು ಹೊಸ ಕೋಣೆ ಬಂತು. ಹಳೆಯ ಎರಡಕ್ಕೆ ಆರ್‌ಸಿಸಿ ಆಯಿತು. ಉಪಕರಣದ 60 ಲಕ್ಷದಲ್ಲಿ ಕಂಪ್ಯೂಟರ್‌ಗಳು ಕಟ್ಟಡಕ್ಕಿಂತ ಮೊದಲೇ ಬಂದು, ಒಂದು ವರ್ಷ ಪೆಟ್ಟಿಗೆಯಲ್ಲೇ ಇದ್ದವು. ಅದರ ವಾರಂಟಿ ಪೆಟ್ಟಿಗೆಯಲ್ಲೇ ಮುಗಿದದ್ದು ಬೇರೆ ಕಥೆ. ಶಾಸಕರು ತಮ್ಮ ಕ್ಷೇತ್ರಾಭಿವೃದ್ಧಿ ನಿಧಿಯಿಂದ 20 ಲಕ್ಷ ಕೊಟ್ಟು ಹುಡುಗಿಯರ ಶೌಚಾಲಯ ಕಟ್ಟಿಸಿದರು. ಅದಕ್ಕೆ ಬೇರೆ ಅಂದಾಜು, ಬೇರೆ ಅಳತೆ ಪುಸ್ತಕ, ಬೇರೆ ಫಲಕ. ಒಂದೇ ಗೋಡೆಯನ್ನು ಎರಡು ಯೋಜನೆಯಲ್ಲಿ ತೋರಿಸಿದ ಹಾಗೆ ಆಗಬಾರದು ಅಂತ ಶೌಚಾಲಯವನ್ನು ಹೊಸ ಕಟ್ಟಡದಿಂದ ಆರು ಅಡಿ ದೂರ ಕಟ್ಟಿದರು. ಮಳೆಗಾಲದಲ್ಲಿ ಹುಡುಗಿಯರು ಆ ಆರು ಅಡಿಯನ್ನು ಓಡಿಕೊಂಡು ದಾಟುತ್ತಾರೆ. ಇದು ನಿಯಮಕ್ಕೆ ಸರಿ, ಆದರೆ ಚಂದ ಅಲ್ಲ. ಬರೆದು ಕೇಳಿದ್ದರೆ ಇದಕ್ಕೂ ಒಂದು ದಾರಿ ಇದ್ದಿರಬಹುದು.

ಹೊಸ ಕಟ್ಟಡದ ತಾರಸಿಯ ಮೇಲೆ ಕಂಬದ ಕಂಬಿಗಳು ನಾಲ್ಕು ವರ್ಷ ಆಕಾಶ ನೋಡುತ್ತಾ ನಿಂತಿದ್ದವು. ತುಕ್ಕು ಹಿಡಿಯದಿರಲಿ ಅಂತ ಅಟೆಂಡರ್ ಪ್ರತಿ ಮಳೆಗಾಲದ ಮುಂಚೆ ಸಿಮೆಂಟ್ ಹಾಲು ಬಳಿಯುತ್ತಿದ್ದರು. ಆಮೇಲೆ ನಬಾರ್ಡ್ ನೆರವಿನಲ್ಲಿ ಮೇಲಂತಸ್ತು ಬಂತು, ಇನ್ನೂ ಮೂರು ಕೋಣೆ. ಆ ಹೊತ್ತಿಗೆ ನಮ್ಮ ಪ್ರಾಂಶುಪಾಲರೂ ನಿವೃತ್ತರಾಗಿದ್ದರು. ಉದ್ಘಾಟನೆಗೆ ಕರೆದಿದ್ದೆವು. ಬಂದರು, ಮೆಟ್ಟಿಲು ಹತ್ತಿ ಮೂರೂ ಕೋಣೆ ನೋಡಿದರು, ನಾಲ್ಕಕ್ಕೆ ಕೈ ಎತ್ತಿದ್ದವರನ್ನು ನೋಡಿ ಸುಮ್ನೆ ನಕ್ಕರು.

ಇದನ್ನೆಲ್ಲ ಫೋನಿನಲ್ಲಿ ಹೇಳೋಕೆ ಆಗಲಿಲ್ಲ. ಪಕ್ಕದ ಜಿಲ್ಲೆಯ ಪ್ರಾಂಶುಪಾಲರನ್ನು ಒಂದೇ ಕೇಳಿದೆ: “ಸರ್, ಆದೇಶದ ಹಿಂದಿರೋ ಅನುಬಂಧ ಓದಿದ್ರಾ?”

ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. “ಅದು ಆಫೀಸಲ್ಲಿದೆ, ಮೇಡಂ ಹತ್ರ” ಅಂದರು.